ಹದ್ದಿನ ಕಿವಿ

ನನ್ನ ಕೆಲಸವೇ ನಂಬದಿರುವುದು. ಹತ್ತೊಂಬತ್ತು ವರ್ಷದಿಂದ ಎರಕದ ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದೇನೆ. ಗಾಜಿನ ಕಿಟಕಿಯಿರುವ ಪೆಟ್ಟಿಗೆಯಂಥ ಪುಟ್ಟ ಕೋಣೆ, ಅದರೊಳಗೆ ಒಂದು ಸ್ಟೂಲು, ಒಂದು ಹೆಡ್‌ಫೋನು, ವೈರಿನ ತುದಿಯಲ್ಲೊಂದು ಗುಂಡಿ. ಹೊರಗೆ ನಾನು ಮತ್ತು ನನ್ನ ಯಂತ್ರ. ನಾನು ಒತ್ತಿದರೆ ಒಳಗಿನವರ ಕಿವಿಯಲ್ಲಿ ಪೀಂ ಎನ್ನುತ್ತದೆ. ಕೇಳಿಸಿದರೆ ಅವರು ತಮ್ಮ ಗುಂಡಿ ಒತ್ತಬೇಕು, ನನ್ನೆದುರು ಕೆಂಪು ದೀಪ ಹತ್ತಬೇಕು. ಇಷ್ಟೇ. ಇಷ್ಟರಲ್ಲೇ ಮನುಷ್ಯರು ಎಷ್ಟೆಲ್ಲ ಸುಳ್ಳು ಹೇಳಬಲ್ಲರು ಎಂದು ತಿಳಿಯಬೇಕಾದರೆ ನನ್ನನ್ನು ಕೇಳಿ.

ಸುಳ್ಳರು ಎರಡು ಬಗೆ. ಕೇಳಿಸಿದರೂ ಕೇಳಿಸುವುದಿಲ್ಲ ಎನ್ನುವವರು. ಇವರಿಗೆ ಗದ್ದಲದ ಶೆಡ್ಡು ಬಿಟ್ಟು ತಣ್ಣಗಿನ ಸ್ಟೋರಿಗೆ ಹೋಗಬೇಕಿರುತ್ತದೆ. ಇವರನ್ನು ಹಿಡಿಯುವುದು ಸುಲಭ. ಪರೀಕ್ಷೆ ಮುಗಿಸಿ ಬಾಗಿಲ ಹತ್ತಿರ ಹೋದಾಗ ಬೆನ್ನ ಹಿಂದಿನಿಂದ ಮೆಲ್ಲಗೆ "ಅಯ್ಯೋ, ಚೀಟಿ ಬಿಟ್ಟು ಹೋದ್ರಲ್ಲ" ಎಂದರೆ ಸರಕ್ಕನೆ ತಿರುಗುತ್ತಾರೆ. ಇನ್ನೊಂದು ಬಗೆ ಕೇಳಿಸದಿದ್ದರೂ ಕೇಳಿಸುತ್ತದೆ ಎನ್ನುವವರು. ಇವರಿಗೆ ಕೂತ ಜಾಗ ಬಿಡಲು ಮನಸ್ಸಿಲ್ಲ. ಇವರು ಕಿಲಾಡಿಗಳು. ಗಾಜಿನಲ್ಲಿ ನನ್ನ ಮೊಣಕೈ ಅಲುಗುವುದನ್ನೇ ನೋಡಿಕೊಂಡು ಗುಂಡಿ ಒತ್ತುತ್ತಾರೆ. ಅದಕ್ಕೇ ನಾನು ಎಲ್ಲರನ್ನೂ ಗೋಡೆಗೆ ಮುಖ ಮಾಡಿಸಿ ಕೂರಿಸುತ್ತೇನೆ. ನನ್ನ ಕಿವಿ ಮೇಲೆ ಹೂವಿಟ್ಟು ಹೋದವನು ಈ ಕಾರ್ಖಾನೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲೂ ಅದೇ ಬುದ್ಧಿ. "ಇವಳ ಮನೇಲಿ ಹಾಲು ಉಕ್ಕಿದ್ರೂ, ಯಾರು ಉಕ್ಕಿಸಿದ್ದು ಅಂತ ವಿಚಾರಣೆ ಮಾಡ್ತಾಳೆ" ಎಂದು ನನ್ನ ಅಕ್ಕ ಆಡಿಕೊಂಡು ನಗುತ್ತಾಳೆ.

ಈ ಅಕ್ಕನ ಗಂಡನ ಬಗ್ಗೆಯೇ ನಾನು ಹೇಳಹೊರಟಿರುವುದು. ಭಾವ ಅದೇ ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಮೂರಾಳು ಎತ್ತರದ ಮಾಡಿಗೆ ನೇತುಬಿದ್ದ ತಗಡಿನ ಗೂಡು, ಅದರಲ್ಲಿ ಒಂದು ಕುರ್ಚಿ, ನಾಲ್ಕು ಹಿಡಿಗಳು. ಅಲ್ಲಿ ಕೂತು ಕರಗಿದ ಕಬ್ಬಿಣದ ತೊಟ್ಟಿಯನ್ನು ಕುಲುಮೆಯಿಂದ ಎತ್ತಿ, ಜನರ ತಲೆಯ ಮೇಲಿಂದ ಸಾಗಿಸಿ, ಅಚ್ಚಿನ ಬಾಯಿಗೆ ಸುರಿಯಬೇಕು. ಮೂವತ್ತೊಂದು ವರ್ಷದಲ್ಲಿ ಒಂದು ತೊಟ್ಟೂ ಚೆಲ್ಲಿದವರಲ್ಲ. ಶೆಡ್ಡಿನವರು ಅವರನ್ನು 'ಹದ್ದು' ಎಂದೇ ಕರೆಯುತ್ತಿದ್ದರು. ಕೆಳಗೆ ನಿಂತು ಸೀಟಿ ಊದಿ ಎತ್ತು, ಇಳಿಸು, ನಿಲ್ಲಿಸು ಎಂದು ಮೇಲಿನವರಿಗೆ ಹೇಳುವುದು ನನ್ನ ಯಜಮಾನರ ಕೆಲಸ. ಒಂದು ಉದ್ದ ಸೀಟಿ ಎಂದರೆ ಏನೇ ಇರಲಿ ತಕ್ಷಣ ನಿಲ್ಲಿಸು ಎಂದರ್ಥ. ಹೀಗೆ ಷಡ್ಡಕರಿಬ್ಬರೂ ಒಬ್ಬರು ಮೇಲೆ, ಒಬ್ಬರು ಕೆಳಗೆ, ಹದಿನೇಳು ವರ್ಷ.

ಭಾವ ಮಾತು ಕಡಿಮೆ. ಊಟದ ಡಬ್ಬಿಯನ್ನೂ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು, ಇಳಿದು ಬರುವ ತಾಪತ್ರಯ ಯಾಕೆಂದು. ಕೆಲಸ ಮುಗಿಸಿ ಇಳಿದರೆ ಕಾಲು ಗಂಟೆ ಕೈ ತೊಳೆಯುತ್ತಿದ್ದರು. ಮನೆಯಲ್ಲಿ ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿಲ್ಲ. ನನ್ನನ್ನು ಮಾತ್ರ 'ಇನ್ಸ್‌ಪೆಕ್ಟರಮ್ಮ' ಎಂದು ರೇಗಿಸುತ್ತಿದ್ದರು. ಸ್ವಂತ ಭಾವನ ಪರೀಕ್ಷೆ ನಾನೇ ಮಾಡುವುದು ಸರಿಯೇ ಎಂದು ಮೊದಲ ವರ್ಷವೇ ನಮ್ಮ ಕೇಂದ್ರದ ಡಾಕ್ಟರನ್ನು ಕೇಳಿದ್ದೆ. "ಇರೋದೊಂದು ಯಂತ್ರ, ಇರೋಳೊಬ್ಳು ನೀನು. ಭಾವನಿಗೆ ಅಂತ ಬೇರೆ ಕಿವಿ ಡಾಕ್ಟರನ್ನ ಎಲ್ಲಿಂದ ತರ್ಲಿ?" ಎಂದಿದ್ದರು. ಸರಿ ಎಂದು ಪ್ರತಿ ವರ್ಷವೂ ಮಾಡುತ್ತಾ ಬಂದೆ. ಪ್ರತಿ ವರ್ಷವೂ ಭಾವನದು ಹಾಳೆಯ ಮೇಲೆ ಸ್ಕೇಲು ಇಟ್ಟು ಎಳೆದಂಥ ನೇರ ಗೆರೆ.

ಆ ನೇರ ಗೆರೆಯೇ ನನಗೆ ಮೊದಲು ಚುಚ್ಚಬೇಕಿತ್ತು. ಆ ಶೆಡ್ಡಿನಲ್ಲಿ ಹತ್ತು ವರ್ಷ ದುಡಿದವರ ಗೆರೆ ಸೀಟಿಯಂಥ ತೆಳ್ಳಗಿನ, ಏರು ಶ್ರುತಿಯ ಶಬ್ದಗಳ ಕಡೆ ಹೋಗುತ್ತಾ ಬಾವಿಗೆ ಇಳಿದಂತೆ ಇಳಿಯುತ್ತದೆ. ಯಾರದೂ ತಪ್ಪಿದ್ದಲ್ಲ. ಐವತ್ತಾರು ವರ್ಷದ ಈ ಮನುಷ್ಯನಿಗೆ ಮಾತ್ರ ಹಸುಗೂಸಿನ ಕಿವಿ! ಊರಿಗೆಲ್ಲ ಅನುಮಾನ ಪಡುವ ನಾನು ಇದನ್ನು 'ಭಾವನ ಪುಣ್ಯ' ಎಂದು ಬಿಟ್ಟಿದ್ದೆ. ಮನೆಯವರ ಮುಂದೆ ನನ್ನ ಬುದ್ಧಿ ಮಂಕಾಗುತ್ತದೆ ಎಂದಲ್ಲದೆ ಇದಕ್ಕೆ ಬೇರೆ ಏನು ಹೇಳಲಿ.

ಈ ವರ್ಷ ಭಾವನ ಪರೀಕ್ಷೆಯಲ್ಲಿ ನನಗೊಂದು ಸೀನು ಬಂತು. ನಮ್ಮ ಪರೀಕ್ಷೆಯಲ್ಲಿ ದಪ್ಪ ಶಬ್ದದಿಂದ ಶುರು ಮಾಡಿ ತೆಳ್ಳಗಿನದಕ್ಕೆ ಹೋಗುತ್ತೇವೆ. ಒಂದೊಂದನ್ನೂ ಮೂರು ಸಲ ಬಿಡುತ್ತೇವೆ, ಒಂದಕ್ಕಿಂತ ಒಂದು ಮೆಲ್ಲಗೆ. ಎಡಗಿವಿಯಲ್ಲಿ ತೀರಾ ತೆಳ್ಳಗಿನದು ಬಂದಿತ್ತು. ಮೂರರಲ್ಲಿ ಮೊದಲನೆಯದನ್ನು ಬಿಟ್ಟೆ, ದೀಪ ಹತ್ತಿತು. ಎರಡನೆಯದನ್ನು ಬಿಡಬೇಕು, ಅಷ್ಟರಲ್ಲಿ ಮೂಗು ತುರಿಸಿ, ಕೈ ಯಂತ್ರದಿಂದ ಎದ್ದು, ಆಕ್ಷೀ! ಕಣ್ಣು ಬಿಟ್ಟು ನೋಡುತ್ತೇನೆ, ಕೆಂಪು ದೀಪ ಎರಡು ಸಲ ಫಕ್ಕಫಕ್ಕನೆ ಹತ್ತಿ ಆರಿತು.

ನಾನು ಶಬ್ದವನ್ನೇ ಬಿಟ್ಟಿರಲಿಲ್ಲ.

ಗಾಜಿನಾಚೆ ಭಾವ ಗೋಡೆಗೆ ಮುಖ ಮಾಡಿ, ಕತ್ತು ಸ್ವಲ್ಪ ವಾಲಿಸಿ, ಏನೂ ಆಗದವರಂತೆ ಕೂತಿದ್ದರು. ನಾನೂ ಏನೂ ಆಗದವಳಂತೆ ಪರೀಕ್ಷೆ ಮುಗಿಸಿದೆ. ಹೊರಗೆ ಬಂದು "ಪಾಸಾ, ಇನ್ಸ್‌ಪೆಕ್ಟರಮ್ಮ?" ಎಂದರು. "ಹಾಳೆ ಇನ್ನೂ ಬರೀಬೇಕು ಭಾವ, ವಾರ ಬಿಟ್ಟು ಹೇಳ್ತೀನಿ" ಎಂದೆ. ನನ್ನ ಮುಖ ನೋಡಿದರು. ತಲೆಯಾಡಿಸಿ ಹೋದರು.

ಹೇಗೆ ಗೊತ್ತಾಯಿತು ಅವರಿಗೆ? ಕಿಟಕಿಯಲ್ಲಿ ನನ್ನ ನೆರಳು ಬೀಳುತ್ತದೆಯೇ ಎಂದು ನಾನೇ ಆ ಸ್ಟೂಲಿನ ಮೇಲೆ ಕೂತು ನೋಡಿದೆ, ಇಲ್ಲ. ಸ್ಟೂಲಿನ ಕಾಲಿನಲ್ಲಿ ಯಂತ್ರದ ನಡುಕ ತಿಳಿಯುತ್ತದೆಯೇ ಎಂದು ಬರಿಗಾಲಿಟ್ಟು ನೋಡಿದೆ, ಇಲ್ಲ. ಹಳೆಯ ಹಾಳೆಗಳನ್ನೆಲ್ಲ ಕಪಾಟಿನಿಂದ ಇಳಿಸಿ ಸಾಲಾಗಿ ಹರಡಿದೆ. ಹತ್ತೊಂಬತ್ತು ನೇರ ಗೆರೆ. ಇದರಲ್ಲಿ ಯಾವುದರವರೆಗೆ ನಿಜ, ಯಾವುದರಿಂದ ಸುಳ್ಳು ಎಂದು ಆ ದೇವರೇ ಹೇಳಬೇಕು. ನಾನು ಇವರ ಕೈಯಲ್ಲಿ ಎಷ್ಟು ವರ್ಷದಿಂದ ಪೆದ್ದಿಯಾಗುತ್ತಿದ್ದೇನೆ ಎಂದು ಹೊಟ್ಟೆ ಉರಿದುಹೋಯಿತು.

ಮನೆಗೆ ಹೋಗಿ ಯಜಮಾನರನ್ನು ಮೆಲ್ಲಗೆ ಕೆದಕಿದೆ.

"ರೀ, ಭಾವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತಾ?"

"ಪರೀಕ್ಷೆ ಮಾಡೋಳು ನೀನು. ನನ್ನ ಕೇಳ್ತೀಯಲ್ಲ" ಎಂದರು, ಶೂಸಿನ ದಾರ ಬಿಚ್ಚುತ್ತಾ. ಬಿಚ್ಚಿದ ದಾರವನ್ನೇ ಮತ್ತೆ ಕಟ್ಟಿ ಮತ್ತೆ ಬಿಚ್ಚಿದರು. ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯ ದಾರದ ಜೊತೆ ಆಟ ಆಡಿದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ.

ಮಾರನೆಯ ದಿನ ಔಷಧದ ಪೆಟ್ಟಿಗೆ ತುಂಬುವ ನೆವ ಮಾಡಿಕೊಂಡು ಶೆಡ್ಡಿಗೆ ಹೋದೆ. ಕಂಬದ ಮರೆಯಲ್ಲಿ ನಿಂತು ನೋಡಿದೆ. ಯಜಮಾನರ ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿತ್ತು, ಬಾಯಿಗೆ ಹೋಗಲೇ ಇಲ್ಲ. ಕೈಗೆ ಬಿಳಿ ಗವಸು ಹಾಕಿಕೊಂಡು, ಎತ್ತಲು ಹೆಬ್ಬೆರಳು, ಇಳಿಸಲು ಅಂಗೈ, ಹೀಗೆ ಮೂಕರ ಹಾಗೆ ಕೈ ಆಡಿಸುತ್ತಿದ್ದರು. ಮೇಲೆ ಭಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಆ ಬಿಳಿ ಗವಸನ್ನೇ ದಿಟ್ಟಿಸುತ್ತಿದ್ದರು. ತೊಟ್ಟಿ ಹೂವಿನಂತೆ ಇಳಿಯಿತು. ಸುರಿಯಲು ಶುರುವಾದ ಕೂಡಲೇ ಅಚ್ಚಿನಿಂದ ದಟ್ಟ ಹೊಗೆ ಎದ್ದಿತು. ಒಂದು ನಿಮಿಷದ ಹೊತ್ತು ಯಜಮಾನರೂ ಕಾಣಲಿಲ್ಲ, ಗವಸೂ ಕಾಣಲಿಲ್ಲ. ಆ ನಿಮಿಷದಲ್ಲಿ ಕೆಳಗೆ ಯಾರಿಗಾದರೂ ಕಾಲು ಜಾರಿದರೆ, ಅಚ್ಚು ಒಡೆದರೆ, ಮೇಲಿನವರಿಗೆ ತಿಳಿಸಲು ಇರುವುದು ಸೀಟಿ ಒಂದೇ. ಆ ಸೀಟಿಯ ಶಬ್ದವೋ, ತೀರಾ ತೆಳ್ಳಗಿನದು.

ಅಂದರೆ ಇಡೀ ಶೆಡ್ಡಿಗೆ ಗೊತ್ತು. ನನ್ನ ಗಂಡನಿಗೆ ಗೊತ್ತು. ಅಕ್ಕನಿಗೆ ಗೊತ್ತಿರದೆ ಇರುತ್ತದೆಯೇ? ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು, ಅನುಮಾನದ ಪಿಶಾಚಿಯಾದ ನನ್ನೊಬ್ಬಳ ಕಣ್ಣಿಗೆ ಮಣ್ಣೆರಚಿದ್ದಾರೆ. ಆದರೂ ಒಂದು ಮಾತ್ರ ಬಗೆಹರಿಯಲಿಲ್ಲ. ಕೈಸನ್ನೆ ಶೆಡ್ಡಿನಲ್ಲಿ ನಡೆಯುತ್ತದೆ. ಗೋಡೆಗೆ ಮುಖ ಮಾಡಿ ಕೂತ ಕೋಣೆಯಲ್ಲಿ ಯಾರು ಸನ್ನೆ ಮಾಡಿದರು?

ಆಗ ಹಳೆಯ ಯಂತ್ರ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ನಮ್ಮ ಕೇಂದ್ರಕ್ಕೆ ಹೊಸ ಯಂತ್ರ ಬಂದಾಗ ಹಳೆಯದನ್ನು ನಾನೇ ಸಹಿ ಹಾಕಿ ಗುಜರಿಗೆ ಕಳಿಸಿದ್ದೆ. ಅದಾದ ಕೆಲವು ದಿನಕ್ಕೆ ಭಾವ "ಆ ಗುಜರಿ ಎಲ್ಲಿಗೆ ಹೋಗುತ್ತೆ?" ಎಂದು ಒಮ್ಮೆ ಕೇಳಿದ್ದರು. ಅಕ್ಕನ ಮನೆಯ ಮಹಡಿಯ ಮೇಲೆ ಬಟ್ಟೆ ಒಣಗಿಸಲು ಕಟ್ಟಿಸಿದ ಕೋಣೆಯೊಂದಿದೆ. ಅದರೊಳಗೆ ನನ್ನನ್ನು ಎಂದೂ ಬಿಟ್ಟವರಲ್ಲ. "ಗುಜರಿ ಬಿಟ್ರೆ ಏನೂ ಇಲ್ಲ ಕಣೇ, ಅವರದ್ದೇನೋ ಹಳೇ ರೇಡಿಯೋ ರಿಪೇರಿ ಹುಚ್ಚು" ಎನ್ನುತ್ತಿದ್ದಳು ಅಕ್ಕ. ಭಾನುವಾರ ಬೆಳಿಗ್ಗೆ ಮಾತ್ರ ಯಾರೂ ಬರಬಾರದು ಎಂಬ ಕಟ್ಟುನಿಟ್ಟು ಬೇರೆ. ನನಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಯಂತ್ರ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ! ಪರೀಕ್ಷೆಗೆ ಓದುವ ಹಾಗೆ ಕಿವಿಗೆ ಓದಿಸುತ್ತಾರೆ!

ಭಾನುವಾರ ಹತ್ತು ಗಂಟೆಗೆ ಹೇಳದೆ ಕೇಳದೆ ಹೋದೆ. ಮುಂಬಾಗಿಲು ಮುಂದಕ್ಕೆ ಹಾಕಿತ್ತು, ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮಹಡಿ ಮೆಟ್ಟಿಲು ಹತ್ತುವಾಗಲೇ ಕಾಲಡಿಯಲ್ಲಿ ಗುಂಯ್ ಎನ್ನುತ್ತಿತ್ತು. ನೀರಿನ ಪಂಪು ಆರಿಸಲು ಮರೆತಿದ್ದಾರೆ ಎಂದುಕೊಂಡೆ. ಮೇಲೆ ಹೋದಂತೆ ಆ ಗುಂಯ್ ಒಂದೇ ಸಮನೆ ಇರದೆ ಉಬ್ಬುವುದು, ತಗ್ಗುವುದು ಮಾಡುತ್ತಿತ್ತು. ಪಂಪು ಉಸಿರಾಡುವುದಿಲ್ಲವಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟೆ.

ಹಳೆಯ ಬಾಗಿಲ ಹಲಗೆಯನ್ನೇ ಮೇಜು ಮಾಡಿದ್ದರು. ಅದರ ಮೇಲೆ ಹಾರ್ಮೋನಿಯಂ ತರಹದ ಮನೆಗಳಿರುವ, ಆದರೆ ಹಣೆಯ ತುಂಬ ತಿರುಗಿಸುವ ಗುಂಡಿಗಳಿರುವ ಒಂದು ಯಂತ್ರ. ಬೆಕ್ಕಿಗೆ ಸಿಕ್ಕ ನೂಲಿನುಂಡೆಯಂತೆ ಎಲ್ಲೆಲ್ಲೂ ವೈರುಗಳು. ಸಾಲಾಗಿ ಸಣ್ಣ ದೀಪಗಳಿರುವ ಒಂದು ತಗಡಿನ ಪೆಟ್ಟಿಗೆ. ದೀಪಗಳು ಒಂದಾದ ಮೇಲೊಂದು ಹತ್ತಿ, ಕೊನೆ ಮುಟ್ಟಿ, ಮತ್ತೆ ಮೊದಲಿಂದ ಓಡುತ್ತಿದ್ದವು. ಅದರ ಪಕ್ಕದಲ್ಲಿ, ನನ್ನ ಊಹೆ ಸುಳ್ಳಾಗಲಿಲ್ಲ, ನಾನು ಗುಜರಿಗೆ ಕಳಿಸಿದ ಪರೀಕ್ಷೆಯ ಯಂತ್ರ! ಅದರ ಹೊಟ್ಟೆ ಬಗೆದು ವೈರು ಎಳೆದು ಈ ಗುಂಪಿಗೆ ಸೇರಿಸಿದ್ದರು. ಭಾವ ಕಣ್ಣು ಮುಚ್ಚಿ ಎರಡೂ ಕೈಯಿಂದ ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಗೋಡೆಗೊರಗಿ ಚಾಪೆಯ ಮೇಲೆ ಅಕ್ಕ ಕೂತಿದ್ದಳು, ಮಡಿಲಲ್ಲಿ ಬಿಡಿಸುವ ಬಟಾಣಿ ಇಟ್ಟುಕೊಂಡು.

ಇವರು ಅಭ್ಯಾಸ ಮಾಡುತ್ತಿದ್ದಾರೋ, ಇಲ್ಲಾ ತಲೆ ಕೆಟ್ಟಿದೆಯೋ ಎಂದು ಅಲ್ಲೇ ನಿಂತೆ. ನಿಂತಷ್ಟೂ ಅನುಮಾನ ಹೆಚ್ಚಿತು. ಇದಕ್ಕೆ ಪಲ್ಲವಿಯಿಲ್ಲ, ಮಾತಿಲ್ಲ, ತಬಲವಿಲ್ಲ. ತಳದಲ್ಲಿ ಗುಂಯ್ ಎನ್ನುವ ಒಂದು ನೆಲ. ಅದರ ಮೇಲೆ ನಾಲ್ಕೈದು ಸ್ವರ ಅದೇ ದಾರಿಯಲ್ಲಿ ಸುತ್ತಿ ಸುತ್ತಿ ಬರುತ್ತವೆ. ಥೂ, ಇದೇನು ಕೆಟ್ಟ ರೆಕಾರ್ಡು ಎಂದುಕೊಳ್ಳುವಷ್ಟರಲ್ಲಿ ಅದರಲ್ಲೊಂದು ಸ್ವರ ಬದಲಾಗಿಬಿಟ್ಟಿರುತ್ತದೆ. ಯಾವಾಗ ಬದಲಾಯಿತು? ಹಿಡಿಯೋಣ ಎಂದು ಕಿವಿಗೊಟ್ಟರೆ ಇನ್ನೊಂದು ಬದಲಾಗಿರುತ್ತದೆ. ಕಳ್ಳನನ್ನು ಹಿಡಿಯುವವಳಂತೆ ಕಾಯುತ್ತಾ ಕಾಯುತ್ತಾ ಎಷ್ಟು ಹೊತ್ತಾಯಿತೋ, ನನ್ನ ಬೆರಳು ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕುತ್ತಿತ್ತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನನಗೆ ಸಿಟ್ಟು ಬರುವಷ್ಟು ಚೆನ್ನಾಗಿತ್ತು.

ಆದರೆ ನನ್ನ ಬೆರಳಿಗೆ ಈ ತಾಳ ಅಷ್ಟು ಸಲೀಸಾಗಿ ಹೇಗೆ ಸಿಕ್ಕಿತು? ಒಂದು. ಬಿಡುವು. ಎರಡು ಮೂರು ಜೊತೆಜೊತೆಗೆ. ಉದ್ದ ಬಿಡುವು. ಮತ್ತೆ ಒಂದು. ಬೆರಳನ್ನು ನೋಡಿದೆ. ಇದು ನನ್ನ ಕೈ! ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಹದಿನೈದು ಜನರ ಕಿವಿಗೆ ನಾನು ಶಬ್ದ ಬಿಡುವ ರೀತಿ ಇದೇ. ಕೆಲಸ ಕಲಿಸುವಾಗ ನಮಗೆ ಮೊದಲು ಹೇಳುವ ಮಾತು, ಬಿಡುವನ್ನು ಬದಲಿಸುತ್ತಿರಿ, ಒಂದೇ ತೆರನಾಗಿ ಬಿಡಬೇಡಿ ಎಂದು. ನಾನೂ ಮೊದಮೊದಲು ಬದಲಿಸುತ್ತಿದ್ದೆ. ಯಾವಾಗ ಕೈ ತನ್ನದೇ ದಾರಿ ಹಿಡಿಯಿತೋ ನನಗೆ ಗೊತ್ತೇ ಆಗಿರಲಿಲ್ಲ. ಕೇಳುವ ದಪ್ಪ ಶಬ್ದಗಳಲ್ಲಿ ಭಾವ ಈ ತಾಳ ಹಿಡಿಯುತ್ತಾರೆ, ಕೇಳದ ತೆಳ್ಳಗಿನವು ಬಂದಾಗ ಅದೇ ತಾಳಕ್ಕೆ ಗುಂಡಿ ಒತ್ತುತ್ತಾ ಹೋಗುತ್ತಾರೆ. ಸನ್ನೆ ಮಾಡುತ್ತಿದ್ದವಳು ನಾನೇ!

ಬಾಗಿಲು ದೂಡಿ ಒಳಗೆ ಹೋದೆ. ಅಕ್ಕ "ಅಯ್ಯಯ್ಯೋ" ಎಂದು ಏಳಲು ಹೋಗಿ ಬಟಾಣಿಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಭಾವ ನುಡಿಸುವುದನ್ನು ನಿಲ್ಲಿಸಲಿಲ್ಲ. ಕಣ್ಣು ತೆರೆದು ನಕ್ಕರು.

"ಬಾ ಇನ್ಸ್‌ಪೆಕ್ಟರಮ್ಮ. ಕೂತ್ಕೋ. ಮಧ್ಯ ನಿಲ್ಸೋ ಹಾಗಿಲ್ಲ, ಇದಕ್ಕೆ ವಾಪಸ್ ಬರೋ ದಾರಿ ಇಲ್ಲ."

"ಏನಿದು ಭಾವ? ಯಾವ ಹಾಡು?"

"ಹಾಡಲ್ಲ. ಕೂತಾಗ ಏನು ಬರುತ್ತೋ ಅದು. ಹೋದ ವಾರದ್ದು ಈ ವಾರ ಬರಲ್ಲ."

ನುಡಿಸುತ್ತಲೇ ಹೇಳಿದರು, ಅಷ್ಟು ಮಾತನ್ನು ನಾನು ಅವರ ಬಾಯಿಂದ ಎಂದೂ ಕೇಳಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಒಂದು ಮಧ್ಯಾಹ್ನ ರಿಪೇರಿಗೆ ಬಂದ ರೇಡಿಯೋದಲ್ಲಿ ಯಾವುದೋ ದೂರದೇಶದ ಸ್ಟೇಷನ್ ಸಿಕ್ಕಿ, ಹೀಗೇ ಗುಂಯ್ ಎಂದು ಸುತ್ತುವ ಶಬ್ದ ಬಂತಂತೆ. ರೇಡಿಯೋ ಕೆಟ್ಟಿದೆ ಎಂದು ಬಿಚ್ಚಿ ಕೂತರು. ಒಂದೊಂದೇ ವೈರು ಮುಟ್ಟಿ ನೋಡುತ್ತಾ ಮುಕ್ಕಾಲು ಗಂಟೆ ಹುಡುಕಿದರೂ ದೋಷ ಸಿಗಲಿಲ್ಲ. ಕೊನೆಗೆ ಶಬ್ದ ನಿಂತು, ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತಂತೆ.

"ಆಗ ಗೊತ್ತಾಯ್ತು, ಕೆಟ್ಟಿದ್ದು ರೇಡಿಯೋ ಅಲ್ಲ, ನಾನು ಅಂತ" ಎಂದರು. "ಆ ಕಾಲದಲ್ಲಿ ಹೀಗೆ ನುಡಿಸೋರು ಇದ್ರು. ಇಂಥವೇ ವೈರಿನ ಸಿಂಥಸೈಜರ್. ಮೊದಲೇ ಬರ್ಕೊಂಡು ಬರ್ತಿರ್ಲಿಲ್ಲ, ತಪ್ಪಾದ್ರೆ ಅಳಿಸ್ತಿರ್ಲಿಲ್ಲ, ತಪ್ಪನ್ನೇ ದಾರಿ ಮಾಡ್ಕೊಂಡು ಮುಂದೆ ಹೋಗ್ತಿದ್ರು. ಈಗ ಕಂಪ್ಯೂಟರಲ್ಲಿ ಎಲ್ಲ ಸಿಗುತ್ತೆ. ನನಗೆ ಹಾಗೆ ಬೇಡ."

"ನನ್ನ ತಾಳ ಯಾಕೆ ಕದ್ರಿ?" ಎಂದೆ.

ಭಾವ ತಲೆ ತಗ್ಗಿಸಿದರು. "ಮೊದಲು ಕದಿಯೋಕೆ ಅಂತ ಅಲ್ಲಮ್ಮ. ಮೊದಮೊದಲು ಎಲ್ಲ ಕೇಳಿಸ್ತಿತ್ತು. ನೀನು ಬಿಡೋ ರೀತಿ ಚೆನ್ನಾಗಿತ್ತು, ಮನೆಗೆ ಬಂದು ನುಡಿಸ್ದೆ. ಆಮೇಲೆ ಕೊನೆಕೊನೇವು ಒಂದೆರಡು ಕೇಳಿಸ್ಲಿಲ್ಲ. ಕೈ ತಾನಾಗೇ ಒತ್ತಿಬಿಡ್ತು. ಒಂದೆರಡೇ ತಾನೇ ಅಂತ ಸುಮ್ಮನಾದೆ."

ಅವರು ಹಾಗೆನ್ನುವಾಗ ಯಂತ್ರದಿಂದ ಇನ್ನೊಂದು ಶಬ್ದ ಏಳುತ್ತಿತ್ತು. ಕಬ್ಬಿಣದ ಮೇಲೆ ಗಾಜು ಗೀರಿದ ಹಾಗೆ ಕೀಂಯ್ ಎಂದು, ಎಲ್ಲದರ ನೆತ್ತಿಯ ಮೇಲೆ. ನನ್ನ ಹಲ್ಲು ಜುಂ ಎಂದವು. ಭಾವನ ಬಲಗೈ ಒಂದು ಗುಂಡಿಯನ್ನು ಇನ್ನೂ ಮೇಲಕ್ಕೆ ತಿರುಗಿಸುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ.

"ಭಾವ, ಎಲ್ಲ ಸರಿ, ಆ ಕೀರಲು ಒಂದು ಕಮ್ಮಿ ಮಾಡಿ. ಆಗ್ತಿಲ್ಲ."

"ಯಾವ ಕೀರಲು?" ಎಂದರು ಭಾವ.

ತಮಾಷೆ ಮಾಡುತ್ತಿಲ್ಲ. ನಿಜವಾಗಿ ಕೇಳುತ್ತಿದ್ದಾರೆ. ಗುಂಡಿಯ ಮೇಲಿನ ಕೈ ಹಾಗೇ ನಿಂತಿತು. ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ ಚೆಲ್ಲಿದ ಬಟಾಣಿ ಆರಿಸುತ್ತಾ ತಲೆ ಎತ್ತದೆ "ಏನೂ ಇಲ್ಲ ಬಿಡಿ, ಇವಳಿಗೆ ಎಲ್ಲದ್ರಲ್ಲೂ ಹುಳುಕು ಹುಡುಕೋ ಚಾಳಿ" ಎಂದಳು. ಭಾವ ಯಂತ್ರವನ್ನು ಆರಿಸಿದರು. ದೀಪಗಳು ನಿಂತವು. "ನಾಳೆ ಬರ್ತೀನಿ. ಇನ್ನೊಂದ್ಸಲ ಸರಿಯಾಗಿ ಪರೀಕ್ಷೆ ಮಾಡು" ಎಂದು ಕೈ ತೊಳೆಯಲು ಹೋದರು.

ಕೆಳಗೆ ಅಡುಗೆಮನೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಎಷ್ಟು ವರ್ಷದಿಂದಕ್ಕಾ?"

"ಎಂಟು. ಮೊದಲು ಇಷ್ಟೊಂದು ಇರ್ಲಿಲ್ಲ. ವರ್ಷವರ್ಷಕ್ಕೂ ಆ ಕೀರಲು ಜಾಸ್ತಿಯಾಯ್ತು. ಅವರಿಗೆ ಕೇಳಿಸದೇ ಹೋದಷ್ಟೂ ಮೇಲಕ್ಕೆ ಏರಿಸ್ತಾರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೆರಡೇ ವರ್ಷ ಕಣೇ ರಿಟೈರ್ ಆಗೋಕೆ. ಅವರನ್ನ ಆ ಗೂಡಿಂದ ಇಳಿಸ್ಬೇಡ. ಸ್ಟೋರಲ್ಲಿ ಬೋಲ್ಟು ಎಣಿಸೋಕೆ ಕೂರಿಸ್ತಾರೆ. ಹದ್ದು ಅಂತ ಕರೆಸಿಕೊಂಡ ಮನುಷ್ಯ, ಕುಗ್ಗಿ ಹೋಗ್ತಾರೆ."

"ಸುಳ್ಳು ಬರಿ ಅಂತೀಯಾ?"

"ಬರೀಬೇಡ! ನೀನು ಯಾವಾಗ್ಲೂ ಮಾಡೋ ಹಾಗೇ ಮಾಡು, ಸಾಕು. ನಿನ್ನ ಕೈ ಹೇಗೆ ಹೋಗುತ್ತೋ ಹಾಗೆ ಬಿಡು."

ನನ್ನ ಸ್ವಂತ ಅಕ್ಕ ನನಗೆ ತೋಡಿದ ಹಳ್ಳ ನೋಡಿ. ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನೆ ನನ್ನ ಅಭ್ಯಾಸ ಬಿಡದಿದ್ದರೆ ಸಾಕು. ಮನೆಗೆ ಬಂದು ಯಜಮಾನರ ಮೇಲೆ ಹಾರಿದೆ. ಅವರು ಈ ಸಲ ಶೂಸು ಮುಟ್ಟಲಿಲ್ಲ. "ನಿಮ್ಮ ಭಾವನ ಕಣ್ಣು ಸಾಕು ಕಣೇ. ಎಂಟು ವರ್ಷದಿಂದ ಒಂದು ಕೂದಲೂ ಕೊಂಕಿಲ್ಲ" ಎಂದರು. "ಹೊಗೆ ಎದ್ದಾಗ?" ಎಂದೆ. "ಆಗ... ಆಗ ನಾನು ಅಲ್ಲಿಂದ ಸರ್ಕೊಂಡು ನಿಲ್ತೀನಿ." "ನೀವು ಸರ್ಕೋತೀರಿ. ಅಚ್ಚಿನ ಪಕ್ಕ ಇರೋ ಆರು ಜನ?" ನನ್ನ ಗಂಡ ಎಂಟು ವರ್ಷ ಆ ತೊಟ್ಟಿಯ ಅಡಿಯಲ್ಲಿ ನಿಂತಿದ್ದರು, ನಾನು ಕೊಟ್ಟ ಪಾಸು ನಂಬಿಕೊಂಡು ಅಲ್ಲ, ಅದು ಸುಳ್ಳೆಂದು ಗೊತ್ತಿದ್ದೂ. ಅವರನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ, ಬೈದೆ.

ಸೋಮವಾರ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಗೋಡೆಗೆ ಮುಖ ಮಾಡಿ ತಾವೇ ಕೂತರು. ಹೆಡ್‌ಫೋನು ಹಾಕಿಕೊಂಡು ಗುಂಡಿ ಹಿಡಿದರು. ನನ್ನ ಕೈ ಯಂತ್ರದ ಮೇಲೆ ಹೋದದ್ದೇ ತಡ, ಬೆರಳು ಹಳೆಯ ದಾರಿ ಹಿಡಿಯಲು ತುದಿಗಾಲಲ್ಲಿ ನಿಂತಿತ್ತು. ಒಂದು, ಬಿಡುವು, ಎರಡು ಮೂರು. ಅಷ್ಟು ಮಾಡಿದರೆ ಭಾವ ಮೇಲಿನ ಗೂಡಿನಲ್ಲೇ, ಅಕ್ಕನಿಗೆ ನೆಮ್ಮದಿ, ನಾನು ಒಳ್ಳೆಯವಳು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡೆ. ಗೋಡೆಯ ಗಡಿಯಾರದ ಕಡೆ ನೋಡುತ್ತಾ, ತೀರಾ ತೆಳ್ಳಗಿನ ಶಬ್ದದಿಂದಲೇ ಶುರು ಮಾಡಿದೆ. ಏಳು ಸೆಕೆಂಡಿಗೆ ಒಂದು, ಎರಡಕ್ಕೆ ಒಂದು, ಹನ್ನೊಂದಕ್ಕೆ ಒಂದು. ದೀಪ ಹತ್ತಲಿಲ್ಲ. ಜೋರು ಮಾಡಿದೆ. ಇನ್ನೂ ಜೋರು ಮಾಡಿದೆ. ಹೆಡ್‌ಫೋನಿನಿಂದ ಸೋರಿ ಗಾಜಿನಾಚೆ ನನಗೇ ಕೇಳಿಸುವಷ್ಟು ಜೋರು ಮಾಡಿದೆ.

ನಾಲ್ಕು ನಿಮಿಷ ಕಳೆದ ಮೇಲೆ ಭಾವ ಹೆಡ್‌ಫೋನು ಸ್ವಲ್ಪ ಸರಿಸಿ, ಹಿಂದೆ ತಿರುಗದೆ ಕೇಳಿದರು:

"ಇನ್ಸ್‌ಪೆಕ್ಟರಮ್ಮ, ಯಾವಾಗ ಶುರು ಮಾಡ್ತೀಯ? ಆಗ್ಲಿಂದ ಕಾಯ್ತಾ ಇದ್ದೀನಿ."

ಅವರಿಗೆ ಕೇಳಿಸುವ ದಪ್ಪ ಶಬ್ದಗಳನ್ನೂ ಬಿಟ್ಟು, ಹಾಳೆಯಲ್ಲಿ ಗೆರೆ ಎಳೆದು, ನಾನು ಬಾಗಿಲು ತೆರೆದು ಒಳಗೆ ಹೋದೆ. ಹಾಳೆಯನ್ನು ಅವರ ತೊಡೆಯ ಮೇಲಿಟ್ಟೆ. ಹೇಳುವ ಧೈರ್ಯ ಬರಲಿಲ್ಲ, ಆದರೆ ಯಂತ್ರದ ಭಾಷೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಖಾಲಿ ಇರುವ ಆ ಅರ್ಧ ಹಾಳೆಯ ಮೇಲೆ ಬೆರಳು ಆಡಿಸಿದರು.

"ಇಲ್ಲಿಂದಾಚೆ ಏನೂ ಇಲ್ವಾ?"

"ಇಲ್ಲ ಭಾವ."

ಕ್ರೇನಿನ ಮಾತು ಎತ್ತುತ್ತಾರೆ, ಎರಡು ವರ್ಷದ ಮಾತು ಎತ್ತುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವರು ಅದನ್ನು ಕೇಳಲೇ ಇಲ್ಲ.

"ಹ್ಞೂಂ. ಹಾಗಾದ್ರೆ ಇಷ್ಟು ವರ್ಷ ನಿಮ್ಮಕ್ಕ ಅಲ್ಲಿ ಕೂತು ಏನು ಕೇಳಿಸ್ಕೊಂಡ್ಲು?"

ಚೆನ್ನಾಗೇ ಇತ್ತಂತೆ ಎಂದುಬಿಡಬಹುದಿತ್ತು. ಆ ಮನೆಯಲ್ಲಿ ಎಲ್ಲರೂ ಎಂಟು ವರ್ಷದಿಂದ ಹೇಳಿಕೊಂಡು ಬಂದದ್ದು ಅದನ್ನೇ.

"ಕಿವಿಗೆ ಸೂಜಿ ಚುಚ್ಚಿದ ಹಾಗೆ ಇತ್ತು ಭಾವ. ನಾನೇ ಹತ್ತು ನಿಮಿಷ ತಡ್ಕೊಳ್ಳೋಕಾಗ್ಲಿಲ್ಲ. ಅವಳು ಒಂದು ಭಾನುವಾರನೂ ಎದ್ದು ಹೋಗ್ಲಿಲ್ಲ."

ಭಾವ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಆಮೇಲೆ ಹಾಳೆಯನ್ನು ವಾಪಸ್ ತೆಗೆದುಕೊಂಡು, ಅದರ ಕೊನೆಯ ಸಾಲಿನಲ್ಲಿ 'ಕ್ರೇನ್ ಕೆಲಸಕ್ಕೆ ಅನರ್ಹ' ಎಂದು ಬರೆದು ಸಹಿ ಹಾಕಿದೆ.